ಬೆಟ್ಟ ಹತ್ತುವ ಹುಡುಗಿಯರ ಅನಿಮೆ: ನಕ್ಷೆ ಪಕ್ಕದಲ್ಲಿಟ್ಟುಕೊಂಡು ನೋಡುವುದು ಹೇಗೆ

‘ಯಾಮಾ ನೋ ಸುಸುಮೆ’ ಎಂಬ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿಯ ಮೊದಲ ಕಂತು ಐದು ನಿಮಿಷವೂ ಇಲ್ಲ. ಒಲೆ ಮೇಲಿಟ್ಟ ಟೀ ಕುದಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಇಬ್ಬರು ಹುಡುಗಿಯರು, ಒಂದಿಷ್ಟು ಬೆಟ್ಟದ ಮಾತು, ಅಷ್ಟೇ. ಇದರಲ್ಲೇನಿದೆ ಅಂತ ಅಲ್ಲಿಗೇ ಬಿಟ್ಟುಬಿಡುವುದು ಸುಲಭ. ಬಿಡಬೇಡಿ. ಬೆಟ್ಟ ಹತ್ತುವ ಕಷ್ಟವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಇನ್ನೊಂದು ಅನಿಮೆ ನಾನು ನೋಡಿಲ್ಲ. ಏದುಸಿರು ಬರುವುದು, ಇಳಿಯುವಾಗ ಮೊಣಕಾಲು ನಡುಗುವುದು, ಜೊತೆಯವರು ಚುರುಕಾಗಿ ಮುಂದೆ ಹೋದಾಗ ಒಳಗೊಳಗೇ ಆಗುವ ಕಿರಿಕಿರಿ, ಎಲ್ಲವೂ ಇದೆ. ಶಿಖರ ಮುಟ್ಟದೆ ವಾಪಸ್ ಬರುವುದೂ ಇದೆ. ನನ್ನ ಮಟ್ಟಿಗೆ ಇಡೀ ಸರಣಿಯ ಜೀವ ಇರುವುದು ಆ ವಾಪಸ್ ಬರುವ ಕಂತುಗಳಲ್ಲೇ.

ಸುಮ್ನೆ ನೋಡಿ ಮರೆಯುವುದಾದರೆ ಮಾರ್ಗದರ್ಶಿ ಬೇಕಿಲ್ಲ. ನೋಡುತ್ತಾ ನಾಲ್ಕು ವಿಷಯ ಕಲಿಯಬೇಕು, ಆಮೇಲೆ ಒಂದು ದಿನ ಆ ಬೆಟ್ಟಗಳಿಗೇ ಹೋಗಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಥೆ ಇಷ್ಟು

ಅವೋಯಿ ಎಂಬ ಹುಡುಗಿ ಹೈಸ್ಕೂಲಿಗೆ ಆಗಷ್ಟೇ ಸೇರಿದ್ದಾಳೆ. ಚಿಕ್ಕವಳಿದ್ದಾಗ ಪಾರ್ಕಿನಲ್ಲಿ ಮಕ್ಕಳು ಹತ್ತಿ ಆಡುವ ಕಬ್ಬಿಣದ ಚೌಕಟ್ಟಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಅಂದಿನಿಂದ ಎತ್ತರ ಅಂದರೆ ಭಯ. ಮನೆಯಲ್ಲೇ ಕೂತು ಹೆಣಿಗೆ, ಹೊಲಿಗೆ ಮಾಡಿಕೊಂಡಿರುವುದೇ ಇಷ್ಟ. ಅಷ್ಟರಲ್ಲಿ ಬಾಲ್ಯದ ಗೆಳತಿ ಹಿನಾತಾ ಅದೇ ಊರಿಗೆ ಮರಳಿ ಬರುತ್ತಾಳೆ. ಜೋರು ಬಾಯಿಯ, ಸುಮ್ಮನೆ ಕೂರದ ಹುಡುಗಿ. ಚಿಕ್ಕಂದಿನಲ್ಲಿ ಇಬ್ಬರೂ ಒಂದು ಬೆಟ್ಟದ ಮೇಲಿಂದ ಸೂರ್ಯೋದಯ ನೋಡಿದ್ದರು, ಇನ್ನೊಮ್ಮೆ ಜೊತೆಯಲ್ಲೇ ನೋಡೋಣ ಅಂತ ಮಾತು ಕೊಟ್ಟುಕೊಂಡಿದ್ದರು. ಆ ಮಾತು ಉಳಿಸಿಕೊಳ್ಳುವ ದಾರಿಯೇ ಕಥೆ. ಮುಂದೆ ಸಾಮಾನು ಸರಂಜಾಮಿನ ಹುಚ್ಚಿರುವ ಕಯೇದೆ, ಎಲ್ಲರಿಗಿಂತ ಚಿಕ್ಕವಳಾದ ಕೊಕೊನಾ, ಕ್ಯಾಮೆರಾ ಹಿಡಿದು ಓಡಾಡುವ, ಮಾತು ಕಡಿಮೆಯ ಹೊನೊಕಾ ಸೇರಿಕೊಳ್ಳುತ್ತಾರೆ.

ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಶಿರೋ ಎಂಬ ಕಲಾವಿದರದು, 2011ರಲ್ಲಿ ಶುರುವಾಯಿತು. ಅನಿಮೆ ಮಾಡಿದ್ದು ಏಯ್ಟ್ ಬಿಟ್ ಸ್ಟುಡಿಯೊ, ನಿರ್ದೇಶಕ ಯೂಸುಕೆ ಯಾಮಾಮೊತೊ.

ಹುಡುಕುವುದು ಹೇಗೆ

ಜಪಾನಿ ಹೆಸರು ಹಾಕಿದರೆ ಕೆಲವು ಕಡೆ ಸಿಗುವುದಿಲ್ಲ. ‘ಎನ್‌ಕರೇಜ್‌ಮೆಂಟ್ ಆಫ್ ಕ್ಲೈಂಬ್’ ಅಂತ ಇಂಗ್ಲಿಷಿನಲ್ಲಿ ಹುಡುಕಿ. ನಾಲ್ಕನೆಯ ಸೀಸನ್‌ಗೆ ‘ನೆಕ್ಸ್ಟ್ ಸಮಿಟ್’ ಅನ್ನುವ ಬಾಲ ಸೇರಿಸಿದ್ದಾರೆ, ಅದು ಬೇರೆಯೇ ಸರಣಿಯ ಹಾಗೆ ಪಟ್ಟಿಯಲ್ಲಿ ಕಾಣಬಹುದು. ಯಾವ ಆ್ಯಪ್‌ನಲ್ಲಿ ಯಾವ ಸೀಸನ್ ಇದೆ ಅನ್ನುವುದು ದೇಶದಿಂದ ದೇಶಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ. ಚಂದಾ ಕಟ್ಟುವ ಮೊದಲೇ ನೋಡಿಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡಬೇಕಾಗುತ್ತದೆ. ಮಾತು ಸರಳ, ವೇಗವೂ ಕಡಿಮೆ, ಕಷ್ಟವಾಗುವುದಿಲ್ಲ.

‘ಬೆಟ್ಟದ ಅನಿಮೆ’ ಅಂತ ಕೇಳಿದರೆ ಎಷ್ಟೋ ಜನ ಚಳಿಗಾಲದಲ್ಲಿ ಟೆಂಟ್ ಹಾಕಿ ಅಡುಗೆ ಮಾಡಿಕೊಂಡು ಕೂರುವ ಹುಡುಗಿಯರ ಇನ್ನೊಂದು ಸರಣಿಯನ್ನು ತೋರಿಸುತ್ತಾರೆ. ಅದೂ ಚೆನ್ನಾಗಿದೆ. ಆದರೆ ಅದು ಕೂರುವ ಕಥೆ, ಇದು ನಡೆಯುವ ಕಥೆ.

ಯಾವ ಕ್ರಮದಲ್ಲಿ ನೋಡಬೇಕು

ಬಂದ ಕ್ರಮದಲ್ಲೇ ನೋಡಿ. ಮೊದಲ ಸೀಸನ್ 2013ರ ಆರಂಭದಲ್ಲಿ ಬಂತು, 12 ಪುಟ್ಟ ಕಂತು. ಒಂದು ಸಂಜೆ ಕೂತರೆ ಪೂರ್ತಿ ಮುಗಿಯುತ್ತದೆ. ಎರಡನೆಯದು 2014ರ ಜುಲೈಯಿಂದ ಡಿಸೆಂಬರ್‌ವರೆಗೆ, 24 ಕಂತು. ಜಾಹೀರಾತಿನ ಹೊತ್ತೂ ಸೇರಿ ಒಂದೊಂದು 15 ನಿಮಿಷ. 2017ರಲ್ಲಿ ‘ಒಮೊಯಿದೆ ಪ್ರೆಸೆಂಟ್’ ಎಂಬ ಒಂದು ಬಿಡಿ ಕಂತು ಬಂತು. ಅದನ್ನು ಎರಡು ಮತ್ತು ಮೂರನೆಯ ಸೀಸನ್‌ಗಳ ನಡುವೆ ನೋಡಿ. ಸಿಗದಿದ್ದರೆ ಕಥೆಗೇನೂ ಪೆಟ್ಟಿಲ್ಲ. ಮೂರನೆಯ ಸೀಸನ್ 2018ರಲ್ಲಿ, 13 ಕಂತು. ‘ನೆಕ್ಸ್ಟ್ ಸಮಿಟ್’ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಅರ್ಧ ಗಂಟೆಯ 12 ಕಂತು.

ಈ ‘ನೆಕ್ಸ್ಟ್ ಸಮಿಟ್’ನ ಮೊದಲ ನಾಲ್ಕು ಕಂತುಗಳಲ್ಲಿ ಹಿಂದಿನ ಕಥೆಯನ್ನೆಲ್ಲ ಅಡಕವಾಗಿ ಹೇಳಿದ್ದಾರೆ. ಹಾಗಾಗಿ ನೇರವಾಗಿ ಅಲ್ಲಿಂದಲೇ ಶುರು ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಥೆ ಗೊತ್ತಾಗುತ್ತದೆ, ನಿಜ. ಆದರೆ ಅವೋಯಿ ಒಂದು ಗುಡ್ಡ ಹತ್ತಲು ಎಷ್ಟು ಹಿಂಜರಿದಿದ್ದಳು, ಎಷ್ಟು ನಿಧಾನವಾಗಿ ಬದಲಾದಳು ಅನ್ನುವುದು ನಿಮ್ಮ ಅನುಭವಕ್ಕೆ ಬರದೆ ಹೋದರೆ ಕೊನೆಯ ಕಂತುಗಳ ಭಾರ ತಿಳಿಯುವುದಿಲ್ಲ. ಹೊತ್ತೇ ಇಲ್ಲದವರು ಎರಡನೆಯ ಸೀಸನ್ ಒಂದನ್ನಾದರೂ ಪೂರ್ತಿ ನೋಡಲಿ.

ಒಂದೇ ಸಲಕ್ಕೆ ಹತ್ತು ಕಂತು ನುಂಗಬೇಡಿ. ದಿನಕ್ಕೆ ಎರಡು ಮೂರು ಸಾಕು. ಇದರಲ್ಲಿ ಮುಂದೇನಾಯ್ತೋ ಅನ್ನುವ ತವಕ ಕಡಿಮೆ. ಬೇಗ ಬೇಗ ನೋಡಿದರೆ ಬೇಜಾರಾಗುತ್ತದೆ, ನಿಧಾನಕ್ಕೆ ನೋಡಿದರೆ ಅಭ್ಯಾಸವಾಗುತ್ತದೆ.

ನಕ್ಷೆ ತೆರೆದಿಟ್ಟುಕೊಳ್ಳಿ

ಈ ಸರಣಿಯ ಬೆಟ್ಟಗಳೆಲ್ಲ ನಿಜವಾದ ಬೆಟ್ಟಗಳು. ಊರೂ ನಿಜವಾದದ್ದೇ. ಟೋಕಿಯೊದ ಪಕ್ಕದ ಸಾಯಿತಾಮಾ ಪ್ರಾಂತ್ಯದ ಹನ್ನೋ. ಊರಿನ ಬೀದಿ, ಸೇತುವೆ, ಹೊಳೆ ದಂಡೆ, ರೈಲು ನಿಲ್ದಾಣ ಎಲ್ಲವನ್ನೂ ಇದ್ದ ಹಾಗೇ ಬಿಡಿಸಿದ್ದಾರೆ. ಹಾಗಾಗಿ ಫೋನಿನಲ್ಲೋ ಲ್ಯಾಪ್‌ಟಾಪ್‌ನಲ್ಲೋ ನಕ್ಷೆ ತೆರೆದಿಟ್ಟುಕೊಂಡು ನೋಡಿದರೆ ಖುಷಿ ಇಮ್ಮಡಿ.

ರಸ್ತೆ ನಕ್ಷೆ ಸಾಲದು. ಎತ್ತರದ ಗೆರೆಗಳಿರುವ ನಕ್ಷೆ ಬೇಕು. ಜಪಾನಿನ ಸರ್ಕಾರಿ ಭೂಮಾಪನ ಸಂಸ್ಥೆ ಇಡೀ ದೇಶದ ಅಂಥ ನಕ್ಷೆಯನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಅವರ 25,000ಕ್ಕೆ ಒಂದು ಅಳತೆಯ ನಕ್ಷೆಯಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ 10 ಮೀಟರ್ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರವಿದ್ದರೆ ಆರಾಮದ ದಾರಿ. ಪಾತ್ರಗಳು ಮಾತು ನಿಲ್ಲಿಸಿ ಏದುಸಿರು ಬಿಡುವ ಜಾಗಕ್ಕೆ ಬಂದಾಗ ನಕ್ಷೆ ನೋಡಿ. ಅಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ನಕ್ಷೆ ಓದುವುದನ್ನು ಕಲಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಜಪಾನಿನ ಚಾರಣ ನಕ್ಷೆಗಳಲ್ಲಿ ಒಂದು ತಿರುವಿನಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಬೇಕು ಅಂತಲೂ ಬರೆದಿರುತ್ತದೆ. ಇದನ್ನು ‘ಕೋರ್ಸ್ ಟೈಮ್’ ಅನ್ನುತ್ತಾರೆ. ಇದರಲ್ಲಿ ಕೂತು ದಣಿವಾರಿಸಿಕೊಳ್ಳುವ ಹೊತ್ತು ಸೇರಿಲ್ಲ. ಊಟದ ಹೊತ್ತೂ ಸೇರಿಲ್ಲ. ಹೊಸಬರು ಆ ಲೆಕ್ಕದ ಮೇಲೆ ಇನ್ನೂ ಒಂದಷ್ಟು ಇಟ್ಟುಕೊಂಡೇ ಹೊರಡಬೇಕು.

ಬೆಟ್ಟಗಳ ಎತ್ತರವನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಮೊದಲು ಊರಿನ ಪಕ್ಕದ ತೆನ್ರಾನ್ ಗುಡ್ಡ, 200 ಮೀಟರ್‌ಗೂ ಕಡಿಮೆ. ಆಮೇಲೆ ತಕಾವೊ, 599 ಮೀಟರ್. ಮಿತ್ಸುತೋಗೆ, 1785. ಆಮೇಲೆ ಒಂದೇ ಏಟಿಗೆ ಫುಜಿ, 3776. ಈ ನಾಲ್ಕು ಅಂಕಿಗಳನ್ನು ಸಾಲಾಗಿ ನೋಡಿದರೆ ಮುಂದೇನಾಗಬಹುದು ಅಂತ ಅವೋಯಿಗಿಂತ ಮೊದಲೇ ನಿಮಗೆ ಗೊತ್ತಾಗುತ್ತದೆ.

ಫುಜಿಯ ಹತ್ತಿರ ನಿಧಾನಿಸಿ

ಎರಡನೆಯ ಸೀಸನ್‌ನ ನಡುವಿನಲ್ಲಿ ನಾಲ್ವರು ಫುಜಿ ಹತ್ತಲು ಹೊರಡುತ್ತಾರೆ. ಇಲ್ಲಿಂದ ಮುಂದೆ ಕಥೆಯ ಗುಟ್ಟು ಸ್ವಲ್ಪ ಬಿಟ್ಟುಕೊಡುತ್ತಿದ್ದೇನೆ. ಬೇಡದವರು ಮುಂದಿನ ಭಾಗಕ್ಕೆ ಹಾರಿ.

ಅವೋಯಿಗೆ ಶಿಖರ ಸಿಗುವುದಿಲ್ಲ. ಎತ್ತರ ಏರಿದಂತೆ ತಲೆನೋವು, ಸುಸ್ತು ಜಾಸ್ತಿಯಾಗುತ್ತದೆ. ಫುಜಿಯ ದಾರಿಯನ್ನು ಬುಡದಿಂದ ತುದಿಗೆ ಹತ್ತು ಹಂತ ಅಂತ ಲೆಕ್ಕ ಹಾಕುತ್ತಾರೆ; ಎಂಟನೆಯ ಹಂತದಲ್ಲಿ ಚಾರಣಿಗರು ತಂಗುವ ಗುಡಿಸಲಿನಲ್ಲಿ ಮಲಗಬೇಕಾಗುತ್ತದೆ. ಕಯೇದೆ ಅವಳ ಜೊತೆ ಉಳಿಯುತ್ತಾಳೆ. ಹಿನಾತಾ ಮತ್ತು ಕೊಕೊನಾ ಮೇಲೆ ಹೋಗಿ ಸೂರ್ಯೋದಯ ನೋಡುತ್ತಾರೆ. ಹತ್ತಿರದವರು ಗೆದ್ದು ನಾವು ಸೋತಾಗ ಆಗುವ ಸಂಕಟ ಇದೆಯಲ್ಲ, ಅದನ್ನು ಒಂದಿಷ್ಟೂ ಸಿಹಿ ಬೆರೆಸದೆ ತೋರಿಸಿದ್ದಾರೆ. ಅವಳು ಅಳುತ್ತಾಳೆ, ಮುನಿಸಿಕೊಳ್ಳುತ್ತಾಳೆ, ಇನ್ನು ಬೆಟ್ಟದ ಸಹವಾಸವೇ ಬೇಡ ಅನ್ನುವ ಸ್ಥಿತಿಗೆ ಬರುತ್ತಾಳೆ. ಮರುದಿನವೇ ಎಲ್ಲ ಸರಿಹೋಗುವುದಿಲ್ಲ. ಹಲವು ಕಂತುಗಳವರೆಗೆ ಆ ಸೋಲಿನ ನೆರಳು ಇದ್ದೇ ಇರುತ್ತದೆ. ನೋಡುವವರ ಲೆಕ್ಕದಲ್ಲಿ ಅದು ಇನ್ನೂ ಜಾಸ್ತಿ ಹೊತ್ತು: ಆ ಕಂತುಗಳು ಬಂದದ್ದು 2014ರಲ್ಲಿ, ಅವೋಯಿ ಮತ್ತೆ ಫುಜಿ ಹತ್ತಿದ್ದು 2022ರ ಸೀಸನ್‌ನಲ್ಲಿ. ಮೊದಲಿನಿಂದ ನೋಡುತ್ತಾ ಬಂದವರು ಎಂಟು ವರ್ಷ ಕಾದಿದ್ದರು.

ಈ ಕಂತುಗಳನ್ನು ಎರಡು ಸಲ ನೋಡಿ. ಮೊದಲ ಸಲ ಕಥೆಗಾಗಿ. ಎರಡನೆಯ ಸಲ ಅವಳ ಮೈಗೆ ಏನಾಯಿತು ಅಂತ ಗಮನಿಸುತ್ತಾ. ಬಸ್ಸು ಐದನೆಯ ಹಂತದವರೆಗೆ ಹೋಗುತ್ತದೆ. ಫುಜಿ ಹತ್ತುವ ನಾಲ್ಕು ದಾರಿಗಳಲ್ಲಿ ಒಂದಾದ ಯೋಶಿದಾ ದಾರಿಯಲ್ಲಿ ಅದು ಸುಮಾರು 2300 ಮೀಟರ್ ಎತ್ತರ. ಅಂದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಫುಜಿಯ ಬಸ್ ಸ್ಟ್ಯಾಂಡೇ ಎತ್ತರದಲ್ಲಿದೆ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗಕ್ಕಿಂತಲೂ ತುಸು ಕಡಿಮೆ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಇದಕ್ಕೆ ಮೈ ಒಗ್ಗಲು ಹೊತ್ತು ಬೇಕು. ಕಾಲಿನಲ್ಲಿ ಎಷ್ಟೇ ಕಸುವಿದ್ದರೂ ಆ ಹೊತ್ತು ಕಡಿಮೆಯಾಗುವುದಿಲ್ಲ.

ಇದನ್ನು ನಮ್ಮವರಿಗೆ ಒತ್ತಿ ಹೇಳಬೇಕು. ಏರಿಕೆಯ ಲೆಕ್ಕದಲ್ಲಿ ಕುಕ್ಕೆಯಿಂದ ಕುಮಾರ ಪರ್ವತ ಏನೂ ಕಡಿಮೆಯಲ್ಲ. ಐದನೆಯ ಹಂತದಿಂದ ಫುಜಿ ತುದಿಗೆ ಏರುವ ಸುಮಾರು 1500 ಮೀಟರ್‌ಗೆ ಅದು ಸರಿಸಮ. ಅದನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರಿಗೆ ‘ಫುಜಿ ಏನು ಮಹಾ’ ಅನ್ನಿಸಬಹುದು. ಕಾಲಿಗೆ ಅದು ನಿಜ. ಆದರೆ ಕುಮಾರ ಪರ್ವತದ ತುದಿಯೇ 1712 ಮೀಟರ್. ಕರ್ನಾಟಕದ ಯಾವ ಬೆಟ್ಟವೂ 2000 ಮೀಟರ್ ದಾಟುವುದಿಲ್ಲ. ಎತ್ತರದ ಕಾಯಿಲೆ ಅಂದರೇನು ಅಂತ ನಮ್ಮ ಬೆಟ್ಟಗಳು ನಮಗೆ ಕಲಿಸಿಯೇ ಇಲ್ಲ.

ಏನು ಮಾಡಬೇಕು? ಐದನೆಯ ಹಂತದಲ್ಲಿ ಬಸ್ ಇಳಿದ ಕೂಡಲೇ ಓಡಬೇಡಿ. ಒಂದು ಗಂಟೆ ಅಲ್ಲೇ ಅಡ್ಡಾಡಿ. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನಕ್ಕೆ ಹತ್ತಿ. ನೀರನ್ನು ಗುಟುಕು ಗುಟುಕಾಗಿ ಆಗಾಗ ಕುಡಿಯಿರಿ. ಗುಡಿಸಲು ತಲುಪಿದ ತಕ್ಷಣ ಮಲಗಿಬಿಡಬೇಡಿ. ನಿದ್ದೆಯಲ್ಲಿ ಉಸಿರು ಮೆಲ್ಲಗಾಗಿ ತಲೆನೋವು ಜಾಸ್ತಿಯಾಗಬಹುದು. ವಾಂತಿ ಬರುವಂತಿದ್ದರೆ, ತಲೆನೋವು ಏರುತ್ತಲೇ ಇದ್ದರೆ ಇರುವ ಮದ್ದು ಒಂದೇ. ಕೆಳಗಿಳಿಯುವುದು. ಜೊತೆಯವರಲ್ಲಿ ಒಬ್ಬರು ಅವರ ಸಂಗಡ ಇಳಿಯಬೇಕು. ಕಯೇದೆ ತನ್ನ ಶಿಖರ ಬಿಟ್ಟು ಅವೋಯಿ ಪಕ್ಕ ಕೂತಳಲ್ಲ, ಸರಣಿಯಲ್ಲಿ ಅದನ್ನು ದೊಡ್ಡ ತ್ಯಾಗ ಅಂತ ಡಂಗುರ ಹೊಡೆದಿಲ್ಲ. ಹಾಗೆ ಮಾಡದಿರುವುದೇ ನನಗೆ ತುಂಬಾ ಹಿಡಿಸಿತು.

ಸಾಮಾನಿನ ಪಾಠ

ಕಯೇದೆ ಬಂದಳು ಅಂದರೆ ಚಾರಣದ ಅಂಗಡಿ ಬಂತು ಅಂತಲೇ ಲೆಕ್ಕ. ಮಲಗುವ ಚೀಲದಿಂದ ಹಿಡಿದು ಒಳಉಡುಪಿನವರೆಗೆ ಅವಳಿಗೆ ಒಂದೊಂದರ ಮೇಲೂ ಅಭಿಪ್ರಾಯವಿದೆ. ಅವೋಯಿ ಬೆಲೆ ಚೀಟಿ ನೋಡಿ ಬೆಚ್ಚಿಬೀಳುವ ದೃಶ್ಯಗಳು ನಮಗೂ ಹೊಸದಲ್ಲ ಅಲ್ವಾ.

ಒಂದು ವಿಷಯವನ್ನಂತೂ ಅವಳಿಂದ ಕಲಿಯಲೇಬೇಕು: ಹತ್ತಿಯ ಬನಿಯನ್ ಹಾಕಿಕೊಂಡು ಎತ್ತರದ ಬೆಟ್ಟಕ್ಕೆ ಹೋಗಬಾರದು. ಹತ್ತಿ ಬೆವರು ಹೀರುತ್ತದೆ, ಬೇಗ ಒಣಗುವುದಿಲ್ಲ. ಹತ್ತುವಾಗ ಗೊತ್ತಾಗುವುದಿಲ್ಲ, ನಿಂತ ಕೂಡಲೇ ಮೈ ಕೊರೆಯುತ್ತದೆ. 100 ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ಉಷ್ಣತೆ ಇಳಿಯುತ್ತದೆ. ಕೆಳಗೆ ಟೋಕಿಯೊದಲ್ಲಿ ಬೆವರು ಸುರಿಯುವ ಆಗಸ್ಟ್‌ನಲ್ಲೂ ಫುಜಿಯ ತುದಿಯಲ್ಲಿ ಸರಾಸರಿ 6 ಡಿಗ್ರಿ ಆಸುಪಾಸು ಇರುತ್ತದೆ. ಮೇಲೆ ಗಾಳಿ ಬೇರೆ. ಹಾಗಾಗಿ ಮೈಗೆ ಅಂಟುವ ಪದರಕ್ಕೆ ಮೆರಿನೊ ಉಣ್ಣೆ ಅಥವಾ ಬೇಗ ಒಣಗುವ ಸಿಂಥೆಟಿಕ್ ಬಟ್ಟೆ, ಅದರ ಮೇಲೆ ಬೆಚ್ಚನೆಯದೊಂದು, ಎಲ್ಲಕ್ಕಿಂತ ಹೊರಗೆ ಮಳೆ ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಛತ್ರಿ ಬೆಟ್ಟದ ಮೇಲೆ ಕೆಲಸಕ್ಕೆ ಬರುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ಮರೆಯಬೇಡಿ. ಫೋನಿನ ಬೆಳಕು ನಂಬಿಕೊಂಡರೆ ಒಂದು ಕೈ ಅದಕ್ಕೇ ಹೋಗುತ್ತದೆ.

ಬೆಟ್ಟದ ಮೇಲೆ ಪುಟ್ಟ ಗ್ಯಾಸ್ ಒಲೆ ಹಚ್ಚಿ ಬಿಸಿಬಿಸಿ ಮಾಡಿ ತಿನ್ನುವ ದೃಶ್ಯಗಳು ಹೊಟ್ಟೆ ಉರಿಸುತ್ತವೆ. ಜಪಾನಿಗೆ ಹೋಗಿ ಹಾಗೇ ಮಾಡಬೇಕು ಅನ್ನಿಸಿದರೆ ಗ್ಯಾಸ್ ಡಬ್ಬಿಯನ್ನು ಅಲ್ಲಿಯೇ ಕೊಳ್ಳಬೇಕು. ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ವಾಪಸ್ ತರಲೂ ಬಿಡುವುದಿಲ್ಲ. ಇದನ್ನು ನೋಡಿ ನಮ್ಮ ಕಾಡಿನಲ್ಲಿ ಒಲೆ ಹಚ್ಚಲು ಹೋಗಬೇಡಿ. ಅರಣ್ಯದೊಳಗೆ ಬೆಂಕಿ ಹೊತ್ತಿಸುವುದು ಅಪರಾಧ. ಬೇಸಿಗೆಯಲ್ಲಿ ಒಂದು ಕಿಡಿ ಸಾಕು ಇಡೀ ಹುಲ್ಲುಗಾವಲಿಗೆ. ಬುತ್ತಿ ಕಟ್ಟಿಕೊಂಡು ಹೋಗಿ. ಚಿತ್ರಾನ್ನ, ಚಪಾತಿಗೆ ಒಲೆ ಯಾಕೆ?

ಹನ್ನೋಗೆ ಹೋಗುವುದಾದರೆ

ಟೋಕಿಯೊದ ಇಕೆಬುಕುರೊ ನಿಲ್ದಾಣದಿಂದ ಸೇಬು ಇಕೆಬುಕುರೊ ಮಾರ್ಗದ ರೈಲು ಹಿಡಿದರೆ ಹನ್ನೋ. ‘ಲಾವ್ಯೂ’ ಎಂಬ ವೇಗದ ರೈಲಿನಲ್ಲಿ ಸುಮಾರು 40 ನಿಮಿಷ. ಅದಕ್ಕೆ ಬೇರೆ ಟಿಕೆಟ್ ಬೇಕು. ಸಾಮಾನ್ಯ ರೈಲಿನಲ್ಲಿ ಹೋದರೂ ತೀರಾ ತಡವೇನಿಲ್ಲ. ಟೋಕಿಯೊ ಮೆಟ್ರೊದ ಯುರಾಕುಚೊ ಮತ್ತು ಫುಕುತೊಶಿನ್ ಮಾರ್ಗಗಳ ಕೆಲವು ರೈಲುಗಳು ಬದಲಿಸುವ ಗೋಜಿಲ್ಲದೆ ನೇರ ಹನ್ನೋವರೆಗೆ ಹೋಗುತ್ತವೆ. ಕೆಲಸದ ಮೇಲೆ ಟೋಕಿಯೊದಲ್ಲಿರುವ ಕನ್ನಡಿಗರಿಗೆ ಇದೊಂದು ಭಾನುವಾರದ ಪ್ರವಾಸ, ಅಷ್ಟೇ.

ನಿಲ್ದಾಣದಿಂದ ತೆನ್ರಾನ್ ಗುಡ್ಡದ ಬುಡಕ್ಕೆ ಅರ್ಧ ಗಂಟೆಯೊಳಗಿನ ನಡಿಗೆ. ಬುಡದಲ್ಲಿ ನೋನಿನ್‌ಜಿ ಎಂಬ ಹಳೆಯ ಬೌದ್ಧ ದೇವಾಲಯ ಇದೆ. ಹತ್ತುವ ದಾರಿಯಲ್ಲಿ ಬಂಡೆಗಳ ನಡುವೆ 16 ಅರ್ಹಂತರ (ಬುದ್ಧನ ಶಿಷ್ಯರ) ಕಲ್ಲಿನ ಮೂರ್ತಿಗಳು ಸಿಗುತ್ತವೆ. ಜಪಾನನ್ನು ಆಳಿದ ತೊಕುಗಾವಾ ಮನೆತನದ ಐದನೆಯ ಶೋಗುನ್ (ಸೇನಾಧಿಪತಿ) ತ್ಸುನಾಯೋಶಿ ಕಾಯಿಲೆಯಿಂದ ಗುಣವಾದಾಗ ಅವನ ತಾಯಿ ಹರಕೆ ತೀರಿಸಲು ಕೊಟ್ಟವು ಅನ್ನುತ್ತಾರೆ. 1883ರಲ್ಲಿ ಮೇಜಿ ಚಕ್ರವರ್ತಿ ಇದೇ ಗುಡ್ಡದ ಮೇಲೆ ನಿಂತು ಸೇನೆಯ ಕವಾಯತು ನೋಡಿದ್ದ. ಇಷ್ಟೆಲ್ಲ ಚರಿತ್ರೆ ಇರುವ ಗುಡ್ಡವನ್ನು ಹತ್ತಲು ಬೇಕಾದ್ದು ಇಪ್ಪತ್ತು ನಿಮಿಷ. ತುದಿಯಿಂದ ಊರು ಪೂರ್ತಿ ಕಾಣುತ್ತದೆ. ಗಾಳಿ ತಿಳಿಯಾಗಿರುವ ದಿನ ಫುಜಿಯೂ ಕಾಣುತ್ತದೆ.

ಅಲ್ಲಿಗೇ ನಿಲ್ಲಬೇಡಿ. ಅದರ ಹಿಂದಿನ ತೊನೋಸು ಬೆಟ್ಟ 271 ಮೀಟರ್. ಎರಡನ್ನೂ ಸೇರಿಸಿ ನಡೆದು, ಕೆಳಗಿಳಿದು, ಇರುಮಾ ಹೊಳೆಯ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದರೆ ಅರ್ಧ ದಿನ ಸುಖವಾಗಿ ಕಳೆಯುತ್ತದೆ. ಎರಡನೆಯ ಸೀಸನ್‌ನಲ್ಲಿ ಕೊಕೊನಾ ಒಬ್ಬಳೇ ಊರೆಲ್ಲ ಅಲೆದಾಡುವ ಒಂದು ಕಂತಿದೆ. ಬೆಟ್ಟವೇ ಇಲ್ಲದ ಕಂತು, ಆದರೂ ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟ. ಹೋಗುವ ಹಿಂದಿನ ರಾತ್ರಿ ಅದನ್ನು ಮತ್ತೊಮ್ಮೆ ನೋಡಿ. ಊರಿಗೆ ಇಳಿದಾಗ ದಾರಿ ಕೇಳಬೇಕಾಗುವುದಿಲ್ಲ. ಅಂಗಡಿಗಳಲ್ಲಿ ಈ ಹುಡುಗಿಯರ ಚಿತ್ರಗಳು ಕಾಣುತ್ತವೆ, ಊರಿನವರಿಗೂ ಸರಣಿಯ ಮೇಲೆ ಅಕ್ಕರೆ ಇದೆ. ಆದರೆ ಹಿನ್ನೆಲೆಯಲ್ಲಿ ಕಾಣುವ ಮನೆಗಳಲ್ಲಿ ನಿಜವಾದ ಜನ ಇರುತ್ತಾರೆ. ಗೇಟಿನ ಮುಂದೆ ನಿಂತು ಫೋಟೊ ತೆಗೆಯುವುದು ಬೇಡ.

ತಕಾವೊ

ತಕಾವೊ ಇನ್ನೂ ಸುಲಭ. ಶಿಂಜುಕುವಿನಿಂದ ಕೇಯೊ ರೈಲಿನಲ್ಲಿ ಒಂದು ಗಂಟೆಯೊಳಗೆ ತಕಾವೊಸಾನ್‌ಗುಚಿ ನಿಲ್ದಾಣ. ಇಳಿದರೆ ಎದುರಿಗೇ ಬೆಟ್ಟ. ಮೇಲಕ್ಕೆ ಕೇಬಲ್ ಕಾರ್ ಇದೆ. ಅದರ ಹಳಿ ಒಂದು ಕಡೆ 31 ಡಿಗ್ರಿಗೂ ಮೀರಿ ಓರೆಯಾಗಿದೆ, ಜಪಾನಿನಲ್ಲೇ ಅತಿ ಕಡಿದು. ನಡೆಯುವವರಿಗೆ ಒಂದನೆಯ ನಂಬರಿನ ದಾರಿ ಸಿಮೆಂಟಿನದು, ಯಾಕುವೊಯಿನ್ ದೇವಾಲಯದ ಅಂಗಳದಲ್ಲೇ ಹಾದುಹೋಗುತ್ತದೆ. ಆರನೆಯ ನಂಬರಿನದು ತೊರೆಯ ಪಕ್ಕದ ಕಾಡುದಾರಿ. ನನ್ನ ಕೇಳಿದರೆ ಆರರಲ್ಲಿ ಹತ್ತಿ, ಒಂದರಲ್ಲಿ ಇಳಿಯಿರಿ. ರಜಾ ದಿನ, ಅದರಲ್ಲೂ ನವೆಂಬರ್‌ನಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ಹೋಗಬೇಡಿ. ಜಾತ್ರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಬೆಟ್ಟದ ಅಂಗಡಿಗಳ ಸೋಬಾ ನೂಡಲ್ಸ್‌ನಲ್ಲಿ ಮೀನು ಕಾಣುವುದಿಲ್ಲ, ಆದರೆ ಸಾರು ಸಾಮಾನ್ಯವಾಗಿ ಒಣಮೀನಿನದೇ. ಯಾಕುವೊಯಿನ್ ದೇವಾಲಯದಲ್ಲಿ ಬೌದ್ಧ ಭಿಕ್ಷುಗಳ ಸಸ್ಯಾಹಾರಿ ಊಟ ಸಿಗುತ್ತದೆ, ಮೊದಲೇ ಕಾದಿರಿಸಬೇಕು. ಇಲ್ಲವೇ ಉಮೆಬೋಶಿ ಎಂಬ ಹುಳಿ ಉಪ್ಪಿನಕಾಯಿ ಇಟ್ಟ ಅನ್ನದ ಉಂಡೆ ಕಟ್ಟಿಸಿಕೊಳ್ಳಿ. ನಮ್ಮ ನಾಲಿಗೆಗೆ ಅದು ಬೇಗ ಹಿಡಿಸುತ್ತದೆ.

ಫುಜಿ ಹತ್ತುವುದಾದರೆ

ಅವೋಯಿ ಹತ್ತಿದ ಕಾಲದ ನಿಯಮಗಳು ಈಗಿಲ್ಲ. ಜನ ಹೆಚ್ಚಾಗಿ, ಗುಡಿಸಲಿನಲ್ಲಿ ತಂಗದೆ ರಾತ್ರಿಯಿಡೀ ಒಂದೇ ಉಸಿರಿಗೆ ಹತ್ತಿ ಕುಸಿಯುವವರೂ ಹೆಚ್ಚಾದರು. 2024ರಲ್ಲಿ ಯೋಶಿದಾ ದಾರಿಗೆ ಗೇಟು ಬಂತು. 2025ರಿಂದ ನಾಲ್ಕೂ ದಾರಿಗಳಲ್ಲಿ ಒಬ್ಬರಿಗೆ 4000 ಯೆನ್ ಶುಲ್ಕ. ಯೋಶಿದಾ ದಾರಿಯಲ್ಲಿ ದಿನಕ್ಕೆ 4000 ಜನಕ್ಕೆ ಮಾತ್ರ ಅವಕಾಶ. ಮಧ್ಯಾಹ್ನ 2ರಿಂದ ಬೆಳಗಿನ ಜಾವ 3ರವರೆಗೆ ಗೇಟು ಮುಚ್ಚಿರುತ್ತದೆ, ಗುಡಿಸಲು ಕಾದಿರಿಸಿದವರಿಗೆ ಮಾತ್ರ ಬಿಡುತ್ತಾರೆ. ಹತ್ತುವ ಋತು ಜುಲೈ ಮೊದಲ ವಾರಗಳಿಂದ ಸೆಪ್ಟೆಂಬರ್ 10ರವರೆಗೆ. ನಿಯಮ ವರ್ಷಕ್ಕೊಮ್ಮೆ ಬದಲಾಗಬಹುದು, ಹೊರಡುವ ಮುನ್ನ ಆ ವರ್ಷದ್ದು ನೋಡಿಕೊಳ್ಳಿ.

ಗುಡಿಸಲನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಐಷಾರಾಮ ನಿರೀಕ್ಷಿಸಬೇಡಿ, ಸಾಲಾಗಿ ಮಲಗುವ ಜಾಗ ಅಷ್ಟೇ. ಜೇಬಿನಲ್ಲಿ 100 ಯೆನ್ ನಾಣ್ಯಗಳನ್ನು ಜಾಸ್ತಿ ಇಟ್ಟುಕೊಳ್ಳಿ. ಶೌಚಾಲಯಕ್ಕೆ ಪ್ರತಿ ಸಲ ದುಡ್ಡು ಹಾಕಬೇಕು. ತುದಿ ಮುಟ್ಟಿದ ಮೇಲೆ ಜ್ವಾಲಾಮುಖಿಯ ಬಾಯಿಯ ಸುತ್ತ ಒಂದು ಸುತ್ತು ಬರಲು ಇನ್ನೂ ಒಂದೂವರೆ ಗಂಟೆ ಬೇಕು. 3776 ಮೀಟರ್‌ನ ಅತಿ ಎತ್ತರದ ತುದಿ ಕೆಂಗಾಮಿನೆ ಆ ಸುತ್ತಿನಲ್ಲಿ ಸಿಗುತ್ತದೆ. ಇಳಿಯುವ ದಾರಿ ಉದುರು ಜ್ವಾಲಾಮುಖಿ ಕಲ್ಲಿನದು. ಶೂ ಲೇಸನ್ನು ಮೇಲೆಯೇ ಬಿಗಿಯಾಗಿ ಕಟ್ಟಿಕೊಳ್ಳದಿದ್ದರೆ ಬೆರಳುಗಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ.

ತನಿಗಾವಾ, ಮತ್ತು ಮೂರನೆಯ ಸೀಸನ್

ಎರಡನೆಯ ಸೀಸನ್‌ನ ಕೊನೆಗೆ ಬರುವ ತನಿಗಾವಾ ಬೆಟ್ಟ 1977 ಮೀಟರ್. ಎತ್ತರ ನೋಡಿ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಬೆಟ್ಟದಲ್ಲಿ, ಹೆಚ್ಚಾಗಿ ಇಲ್ಲಿನ ಬಂಡೆ ಗೋಡೆಗಳನ್ನು ಹತ್ತಲು ಹೋಗಿ, ಸತ್ತವರ ಸಂಖ್ಯೆ 800 ದಾಟಿದೆ. ಸಾಮಾನ್ಯ ಚಾರಣದ ದಾರಿ ಆ ಗೋಡೆಗಳ ಮೇಲೆ ಹೋಗುವುದಿಲ್ಲ, ರೋಪ್‌ವೇ ಹಿಡಿದು ತೆಂಜಿನ್‌ದಾಯಿರಾದಿಂದ ನಡೆದರೆ ಅನುಭವ ಇರುವವರಿಗೆ ಒಂದು ದಿನದ ಕೆಲಸ. ಆದರೆ ಇಲ್ಲಿ ಹವಾಮಾನ ಗಳಿಗೆಗೊಮ್ಮೆ ತಿರುಗುತ್ತದೆ. ಹತ್ತಿರದ ದೊಆಯಿ ನಿಲ್ದಾಣವೇ ಒಂದು ವಿಚಿತ್ರ. ಒಂದು ಪ್ಲಾಟ್‌ಫಾರ್ಮ್ ಸುರಂಗದ ಆಳದಲ್ಲಿದೆ. ರೈಲು ಇಳಿದವರು ಬೆಳಕಿಗೆ ಬರಬೇಕಾದರೆ ಮೊದಲು 462 ಮೆಟ್ಟಿಲು ಹತ್ತಬೇಕು. ಬೆಟ್ಟ ಶುರುವಾಗುವುದು ಅದಾದ ಮೇಲೆ.

ಮೂರನೆಯ ಸೀಸನ್ ಬೆಟ್ಟಕ್ಕಿಂತ ಜಾಸ್ತಿ ಮನಸ್ತಾಪದ ಕಥೆ. ಅವೋಯಿಗೆ ಹೊಸ ಸ್ನೇಹಿತರು ಸಿಗುತ್ತಾರೆ, ಹಿನಾತಾಳಿಗೆ ಹೊಟ್ಟೆಯಲ್ಲಿ ಏನೋ ಚುಚ್ಚುತ್ತದೆ. ಮಿಜುಗಾಕಿ ಮತ್ತು ಕಿಂಪು ಬೆಟ್ಟಗಳ ಹೊತ್ತಿಗೆ ಅದು ಹೊರಗೆ ಬರುತ್ತದೆ. ಕೆಲವರಿಗೆ ಇದು ಎಳೆದ ಹಾಗೆ ಅನ್ನಿಸಿದೆ. ಗುಂಪಿನಲ್ಲಿ ಚಾರಣ ಮಾಡಿದವರಿಗೆ ಹಾಗನ್ನಿಸಲಿಕ್ಕಿಲ್ಲ.

ಇಲ್ಲೇ ಶುರು ಮಾಡುವವರಿಗೆ

ಎಲ್ಲರೂ ಜಪಾನಿಗೆ ಹೋಗಲಾಗುವುದಿಲ್ಲ. ಅವೋಯಿಯ ಪಟ್ಟಿಯ ಕ್ರಮವನ್ನು ಮಾತ್ರ ಇಟ್ಟುಕೊಳ್ಳಿ: ಮೊದಲು ಊರ ಪಕ್ಕದ ಗುಡ್ಡ, ಆಮೇಲೆ ಅರ್ಧ ದಿನದ್ದು, ಆಮೇಲೆ ಪೂರ್ತಿ ದಿನದ್ದು. ಮೊದಲ ಚಾರಣವೇ ಕುಮಾರ ಪರ್ವತ ಅನ್ನುವ ಹಟ ಬೇಡ. ಮನೆಯ ಹತ್ತಿರದ ದೇವರ ಗುಡ್ಡದ ಮೆಟ್ಟಿಲುಗಳನ್ನೇ ಬೆನ್ನಿಗೆ ನೀರಿನ ಚೀಲ ಹಾಕಿಕೊಂಡು ವಾರಕ್ಕೆ ಎರಡು ಸಲ ಹತ್ತಿ ಇಳಿದರೆ ಮೊಣಕಾಲು ಗಟ್ಟಿಯಾಗುತ್ತದೆ.

ಜನಜಂಗುಳಿಯ ಸಮಸ್ಯೆ ಫುಜಿಗೆ ಮಾತ್ರ ಅಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಒಂದೇ ವಾರಾಂತ್ಯ ಸಾವಿರಾರು ಜನ ಸೇರಿದ ಚಿತ್ರಗಳು ಹರಿದಾಡಿದವು. ಆಮೇಲೆ ಸರ್ಕಾರ ಆನ್‌ಲೈನ್‌ನಲ್ಲಿ ಕಾದಿರಿಸುವ ವ್ಯವಸ್ಥೆ ಇಲ್ಲದ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಹಾಗಾಗಿ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಟಿಕೆಟ್ ತೆಗೆದುಕೊಂಡೇ ಹೊರಡಿ. ಬೇಸಿಗೆಯ ಬೆಂಕಿಯ ತಿಂಗಳುಗಳಲ್ಲಿ, ಜೋರು ಮಳೆಗಾಲದಲ್ಲಿ ಎಷ್ಟೋ ದಾರಿಗಳು ಮುಚ್ಚಿರುತ್ತವೆ. ಮಳೆ ಬಿಟ್ಟ ಮೇಲೆ ಹೋಗುವುದಾದರೆ ಜಿಗಣೆಗೆ ಉದ್ದ ಕಾಲುಚೀಲ ಮತ್ತು ಒಂದು ಪೊಟ್ಟಣ ಉಪ್ಪು ಇರಲಿ. ಕಯೇದೆಯ ಅಂಗಡಿಯಲ್ಲಿ ಅದೊಂದು ಸಿಗುವುದಿಲ್ಲ.